ಹಳ್ಳದ ದಂಡೆಯ ಪುಟ್ಟ ಜೀವ: ಆಂಥೋನಿ ವಿಷಕಪ್ಪೆ ಸಾಕುವವರಿಗೆ ಸಮಗ್ರ ಮಾರ್ಗದರ್ಶಿ

ಒಣಕಾಡಿನ ಕಪ್ಪೆ ಎಂದು ಓದಿದ್ದೇ ತಡ, ನಾನು ಟೆರೇರಿಯಂ ಅನ್ನು, ಅಂದರೆ ಕಪ್ಪೆ ಸಾಕುವ ಗಾಜಿನ ಪೆಟ್ಟಿಗೆಯನ್ನು, ಒಣಗಿಸಿಯೇ ಇಟ್ಟಿದ್ದೆ. ಮಣ್ಣು ಪುಡಿಪುಡಿ, ಗಾಜಿನ ಮೇಲೆ ಒಂದು ಹನಿ ನೀರಿಲ್ಲ, ಮೂಲೆಯಲ್ಲೊಂದು ನೀರಿನ ಬಟ್ಟಲು. ಮೂರನೆಯ ದಿನಕ್ಕೆ ನಾಲ್ಕೂ ಕಪ್ಪೆಗಳು ಆ ಬಟ್ಟಲಿನ ಅಂಚಿಗೆ ಅಂಟಿಕೊಂಡು ಒಂದರ ಬೆನ್ನಿಗೊಂದು ತಾಗಿ ಕುಳಿತಿದ್ದವು. ನೊಣ ಹಾಕಿದರೂ ಅಲುಗಾಡಲಿಲ್ಲ. ಈ ಹವ್ಯಾಸದಲ್ಲಿ ತಲೆಕೂದಲು ನೆರೆಸಿಕೊಂಡ ಗೆಳೆಯರೊಬ್ಬರು ಬಂದು ನೋಡಿ, "ಕಾಡು ಒಣಗಿರುತ್ತದೆ, ಕಪ್ಪೆ ಒಣಗಿರುವುದಿಲ್ಲ" ಎಂದರು. ಮುಂದೆ ಬರೆದಿರುವುದೆಲ್ಲ ಆ ಒಂದು ಮಾತಿನ ವಿಸ್ತಾರ.

ನಾನಿರುವುದು ಜರ್ಮನಿಯಲ್ಲಿ. ಇಲ್ಲಿ ವಿಷಕಪ್ಪೆ ಸಾಕುವುದು ಹಳೆಯ ಹವ್ಯಾಸ. ಕರ್ನಾಟಕದಲ್ಲಿ ಕುಳಿತು ಓದುವವರಿಗೆ ಬೇಕಾದ ಕಾನೂನಿನ ಮಾತನ್ನೂ ಕೆಳಗೆ ಹೇಳಿದ್ದೇನೆ. ದಯವಿಟ್ಟು ಅದನ್ನು ಹಾರಿಸಿ ಓದಬೇಡಿ.

ಮೊದಲು ಕಪ್ಪೆಯ ಊರು ತಿಳಿಯಿರಿ

ವೈಜ್ಞಾನಿಕ ಹೆಸರು ಎಪಿಪೆಡೊಬೇಟಿಸ್ ಆಂಥೋನಿಯೈ. ಊರು ಈಕ್ವೆಡಾರ್ ದೇಶದ ನೈಋತ್ಯ ಭಾಗದ ಎಲ್ ಓರೊ, ಅಸುಆಯ್, ಲೋಹಾ ಪ್ರಾಂತ್ಯಗಳು ಮತ್ತು ಅದಕ್ಕೆ ಅಂಟಿಕೊಂಡ ವಾಯವ್ಯ ಪೆರು. ಜಿ. ಕೆ. ನೋಬಲ್ 1921ರಲ್ಲಿ ಇದನ್ನು ವರ್ಣಿಸಿ, ಆ ಭಾಗದಲ್ಲಿ ಪ್ರಾಣಿಗಳನ್ನು ಸಂಗ್ರಹಿಸಿದ ಎಚ್. ಇ. ಆಂಥೋನಿ ಅವರ ಹೆಸರಿಟ್ಟರು. ಆಮೇಲೆ ಬಹುಕಾಲ ಇದನ್ನು ಟ್ರೈಕಲರ್ ಎಂಬ ಹತ್ತಿರದ ಸಂಬಂಧಿಯೊಂದಿಗೆ ಸೇರಿಸಿಬಿಟ್ಟಿದ್ದರು. ಮತ್ತೆ ಬೇರೆ ಪ್ರಭೇದವೆಂದು ಗುರುತಿಸಿದ್ದು 2004ರಲ್ಲಿ. ಹಾಗಾಗಿ ಹಳೆಯ ಪುಸ್ತಕಗಳಲ್ಲಿ "ಟ್ರೈಕಲರ್" ಎಂದು ಬರೆದಿರುವ ಎಷ್ಟೋ ಮಾತು ನಿಜಕ್ಕೂ ಈ ಆಂಥೋನಿಯದ್ದು. ಕೆಲವು ಮಾರಾಟಗಾರರು ಇಂದಿಗೂ ಹಳೆಯ ಹೆಸರನ್ನೇ ಬಳಸುತ್ತಾರೆ.

ಗಾತ್ರ ಎರಡು ಸೆಂಟಿಮೀಟರಿನ ಆಚೀಚೆ, ಹೆಣ್ಣು ಕೊಂಚ ದೊಡ್ಡದು. ಕೆಂಗಂದು ಮೈಮೇಲೆ ಕೆನೆಬಣ್ಣದ ಅಥವಾ ತಿಳಿಹಸಿರು ಪಟ್ಟೆ. ಊರಿಂದೂರಿಗೆ ಬಣ್ಣ ಬೇರೆ: ಸಾಂತಾ ಇಸಾಬೆಲ್‌ನದು ಒಂದು ಬಗೆಯ ಕೆಂಪಾದರೆ ಸರುಮಾದ ಕಡೆಯದು ಇನ್ನೊಂದು ಬಗೆ.

ಆ ಸೀಮೆಯಲ್ಲಿ ವರ್ಷದ ಮೊದಲ ಕೆಲವು ತಿಂಗಳು ಮಳೆ. ಉಳಿದಂತೆ ಮರಗಳು ಎಲೆ ಉದುರಿಸಿ ಬೋಳಾಗಿ ನಿಲ್ಲುತ್ತವೆ; ನಮ್ಮ ಬಯಲುಸೀಮೆಯ ಕುರುಚಲು ಕಾಡನ್ನು ಬೇಸಿಗೆಯಲ್ಲಿ ನೋಡಿದವರಿಗೆ ಆ ನೋಟ ಹೊಸದಲ್ಲ. ಅಂಥ ಕಾಡಿನಲ್ಲಿ ಈ ಕಪ್ಪೆ ಎಲ್ಲೆಂದರಲ್ಲಿ ಸಿಗುವುದಿಲ್ಲ. ಹಳ್ಳದ ದಂಡೆಯ ಕಲ್ಲಿನ ಸಂದಿ, ಜೌಗು, ನೀರಾವರಿ ಕಾಲುವೆಯ ಅಂಚು, ಬಾಳೆ ಮತ್ತು ಕೋಕೋ ತೋಟದ ಕೊಳೆಯುವ ಎಲೆ ಇವೆಲ್ಲ ಅದರ ಮನೆ. ಹಳ್ಳದಿಂದ ದೂರ ಸರಿದರೆ ಕಪ್ಪೆಯೂ ಇಲ್ಲ. ನಾವು ಕಟ್ಟಬೇಕಾದದ್ದು ಒಣಕಾಡನ್ನಲ್ಲ, ಅದರೊಳಗಿನ ಆ ಒಂದು ಮಾರು ಅಗಲದ ತೇವದ ಪಟ್ಟಿಯನ್ನು.

ವಿಷದ ಮಾತು

ಮನೆಗೆ ಬಂದವರು ಮೊದಲು ಕೇಳುವುದು ಇದನ್ನೇ. ಅಮೆರಿಕದ ರಸಾಯನಶಾಸ್ತ್ರಜ್ಞ ಜಾನ್ ಡೇಲಿ 1974ರಲ್ಲಿ ಈಕ್ವೆಡಾರ್‌ನಿಂದ ತಂದ ಈ ಕಪ್ಪೆಯ ಚರ್ಮದ ಸಾರವನ್ನು ಇಲಿಗೆ ಚುಚ್ಚಿದಾಗ ಅದರ ಬಾಲ ಸೆಟೆದು ಬೆನ್ನಿನ ಕಡೆಗೆ ಬಾಗಿತು. ಅಫೀಮಿನ ಜಾತಿಯ ಮದ್ದು ಕೊಟ್ಟಾಗ ಆಗುವ ಲಕ್ಷಣವದು. ಆದರೆ ಇದು ಅಫೀಮಿನ ದಾರಿಯಲ್ಲಿ ಕೆಲಸ ಮಾಡುತ್ತಿರಲಿಲ್ಲ. ನಿಕೋಟಿನ್ ಹೋಗಿ ಕೂರುವ ಜಾಗದಲ್ಲೇ ಇದೂ ಕೂರುತ್ತದೆಂದು ಆಮೇಲೆ ತಿಳಿಯಿತು. 1976ರಲ್ಲಿ 750 ಕಪ್ಪೆಗಳ ಚರ್ಮದಿಂದ ಸಿಕ್ಕ ಶುದ್ಧ ವಸ್ತು ಒಂದು ಮಿಲಿಗ್ರಾಂ ಕೂಡ ಇರಲಿಲ್ಲ. ಅದರ ಅಣುರಚನೆ ಬಿಡಿಸಲು ಸಾಕಾಗುವಷ್ಟು ಸೂಕ್ಷ್ಮ ಉಪಕರಣ ಬರುವವರೆಗೆ ಅದನ್ನು ಜೋಪಾನವಾಗಿ ತೆಗೆದಿಟ್ಟರು. 1992ರಲ್ಲಿ ಎಪಿಬ್ಯಾಟಿಡಿನ್ ಎಂಬ ಹೆಸರಿನಲ್ಲಿ ರಚನೆ ಪ್ರಕಟವಾಯಿತು. ಇಲಿಗಳ ಮೇಲಿನ ಪ್ರಯೋಗದಲ್ಲಿ ನೋವು ತಣಿಸುವುದರಲ್ಲಿ ಮಾರ್ಫಿನ್‌ಗಿಂತ ಸುಮಾರು 200 ಪಟ್ಟು ಬಲ. ಆದರೆ ನೋವು ಕಳೆಯುವ ಪ್ರಮಾಣಕ್ಕೂ ಕೊಲ್ಲುವ ಪ್ರಮಾಣಕ್ಕೂ ನಡುವೆ ಅಂತರವೇ ಕಡಿಮೆ, ಹಾಗಾಗಿ ಅದು ಔಷಧಿಯಾಗಲಿಲ್ಲ.

ಸಾಕುವವರಿಗೆ ಬೇಕಾದ ಸಂಗತಿ ಇದು: ಕಪ್ಪೆ ಈ ವಿಷವನ್ನು ತಾನೇ ತಯಾರಿಸುವುದಿಲ್ಲ, ಕಾಡಿನಲ್ಲಿ ತಿನ್ನುವ ಪುಟ್ಟ ಹುಳಗಳಿಂದ ಕೂಡಿಹಾಕುತ್ತದೆ. ಹಣ್ಣುನೊಣ ತಿಂದು ಬೆಳೆದ ಸಾಕುಕಪ್ಪೆಯ ಚರ್ಮದಲ್ಲಿ ಅದು ಇರುವುದಿಲ್ಲ. ಆದರೂ ಮುಟ್ಟಬೇಡಿ. ನಿಮ್ಮ ಕೈಯ ಉಪ್ಪು, ಸಾಬೂನು, ಕ್ರೀಮು ಅದಕ್ಕೆ ವಿಷ.

ಕಾಗದಪತ್ರ

ಈ ಕುಲ 1987ರಿಂದ ಸೈಟಿಸ್ ಒಪ್ಪಂದದ, ಅಂದರೆ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದದ, ಎರಡನೆಯ ಪಟ್ಟಿಯಲ್ಲಿದೆ. ಐರೋಪ್ಯ ಒಕ್ಕೂಟದಲ್ಲಿ ಕಪ್ಪೆಯ ಜೊತೆ ಅದರ ಮೂಲದ ದಾಖಲೆಯೂ ಬರಬೇಕು. ಕೊಡಲು ಹಿಂಜರಿಯುವವರಿಂದ ಕೊಳ್ಳಬೇಡಿ. ಭಾರತದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ ಸೈಟಿಸ್ ಪಟ್ಟಿಯ ವಿದೇಶಿ ಪ್ರಾಣಿಗಳನ್ನು ನಾಲ್ಕನೆಯ ಅನುಸೂಚಿಗೆ ತಂದಿತು. 2024ರ ನಿಯಮಗಳ ಪ್ರಕಾರ ಅಂಥ ಪ್ರಾಣಿ ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದ ಮೂಲಕ ನೋಂದಣಿ ಮಾಡಿಸಬೇಕು. ಮರಿ ಹುಟ್ಟಿದರೂ, ಸತ್ತರೂ, ಕೈ ಬದಲಾದರೂ ತಿಳಿಸಬೇಕು. ದಾಖಲೆಯಿಲ್ಲದೆ ಪೆಟ್ಟಿಗೆಯಲ್ಲಿ ಬಚ್ಚಿಟ್ಟು ತರುವ ಕಪ್ಪೆಗಳಲ್ಲಿ ಬದುಕಿ ಬರುವವು ಕೆಲವೇ ಎಂಬುದನ್ನು ಬೇರೆ ಹೇಳಬೇಕೇ? ಹಾಗೆಂದು ಪಶ್ಚಿಮ ಘಟ್ಟದ ಕಪ್ಪೆಯನ್ನು ಹಿಡಿದು ತಂದು ಗಾಜಿನಲ್ಲಿಡುವ ಯೋಚನೆಯನ್ನೂ ಮಾಡಬೇಡಿ.

ಮೊದಲ ಹೆಜ್ಜೆ: ಕಪ್ಪೆಗಿಂತ ಮುಂಚೆ ನೊಣ

ಕಪ್ಪೆ ತರುವ ಕನಿಷ್ಠ ಆರು ವಾರ ಮೊದಲೇ ನೊಣ ಸಾಕಲು ಶುರು ಮಾಡಿ. ಹಸಿದ ಕಪ್ಪೆ ಅಂಗಡಿ ತೆರೆಯುವವರೆಗೆ ಕಾಯುವುದಿಲ್ಲ. ಬೇಕಾದದ್ದು ಹಾರಲಾರದ ಹಣ್ಣುನೊಣದ ತಳಿ. ಅದರಲ್ಲಿ ಎರಡು ಬಗೆ. ಮೆಲನೊಗ್ಯಾಸ್ಟರ್ ಚಿಕ್ಕದು, 24 ಡಿಗ್ರಿ ಶಾಖದಲ್ಲಿ ಎರಡು ವಾರದೊಳಗೆ ಹೊಸ ಪೀಳಿಗೆ. ಹೈಡಿಯೈ ದಪ್ಪ, ಮೂರು ವಾರದಿಂದ ನಾಲ್ಕು ವಾರ ಹಿಡಿಯುತ್ತದೆ. ಆಂಥೋನಿಗೆ ಮೆಲನೊಗ್ಯಾಸ್ಟರೇ ಮುಖ್ಯ ಊಟ.

ನನ್ನ ಪಾಕ ಹೀಗಿದೆ. ಒಣ ಆಲೂಗಡ್ಡೆ ಪುಡಿ ನಾಲ್ಕು ಪಾಲು, ಸಕ್ಕರೆ ಒಂದು ಪಾಲು, ಬ್ರೂವರ್ಸ್ ಯೀಸ್ಟ್ ಒಂದು ಪಾಲು, ಬೂಷ್ಟು ಹಿಡಿಯದಿರಲಿ ಎಂದು ಒಂದು ಚಿಟಿಕೆ ದಾಲ್ಚಿನ್ನಿ ಪುಡಿ. ಕುದಿನೀರಿಗೆ ಸ್ವಲ್ಪ ವಿನೆಗರ್ ಬೆರೆಸಿ ಕಲಸಿ. ಹದ ಗಂಜಿಗಿಂತ ಗಟ್ಟಿ, ಉಪ್ಪಿಟ್ಟಿಗಿಂತ ಮೆದು ಇರಲಿ. ಆರಿದ ಮೇಲೆ ಲೋಟದ ತಳಕ್ಕೆ ಎರಡು ಬೆರಳು ದಪ್ಪ ಹಾಕಿ, ನೊಣ ಹತ್ತಿ ಕೂರಲು ಮರದ ಹೊಟ್ಟಿನ ಎಳೆಗಳನ್ನು ತುರುಕಿ, ಐವತ್ತು ಅರವತ್ತು ನೊಣ ಉದುರಿಸಿ, ಬಾಯಿಗೆ ಬಟ್ಟೆ ಬಿಗಿಯಿರಿ. ಲೋಟದ ಮೇಲೆ ದಿನಾಂಕ ಬರೆಯಿರಿ. ವಾರಕ್ಕೊಂದು ಹೊಸ ಲೋಟ, ತಿಂಗಳಾದದ್ದು ಕಸಕ್ಕೆ. ಹಳೆಯ ಲೋಟಗಳಲ್ಲಿ ನುಸಿ ಹುಟ್ಟುತ್ತದೆ. ಒಂದರಲ್ಲಿ ಹುಟ್ಟಿದರೆ ಸಾಲಿನ ಎಲ್ಲಕ್ಕೂ ಹಬ್ಬುತ್ತದೆ.

ಜೊತೆಗೆ ಸ್ಪ್ರಿಂಗ್‌ಟೇಲ್ ಎಂಬ ಪುಟ್ಟ ಮಣ್ಣುಹುಳಗಳನ್ನು ಸಾಕಬೇಕು. ಒದ್ದೆ ಇದ್ದಿಲಿನ ಡಬ್ಬಿಯಲ್ಲಿ ನಾಲ್ಕು ಕಾಳು ಅಕ್ಕಿ ಹಾಕಿಟ್ಟರೆ ಈ ಬಿಳಿ ಚುಕ್ಕಿಯಂಥ ಜೀವಿಗಳು ತಮ್ಮಷ್ಟಕ್ಕೆ ಬೆಳೆಯುತ್ತವೆ. ಟೆರೇರಿಯಂನ ಬೂಷ್ಟನ್ನು ತಿನ್ನುವವು ಇವೇ, ಮುಂದೆ ಮರಿಗಳಿಗೆ ಮೊದಲ ತುತ್ತಾಗುವವೂ ಇವೇ.

ಎರಡನೆಯ ಹೆಜ್ಜೆ: ದಂಡೆ ಕಟ್ಟುವುದು

ನಾಲ್ಕು ಕಪ್ಪೆಗಳಿಗೆ 60 ಸೆಂ.ಮೀ. ಉದ್ದ, 45 ಅಗಲ, 45 ಎತ್ತರದ ಗಾಜಿನ ಟೆರೇರಿಯಂ ಸಾಕು. ಇವು ನೆಲದ ಜೀವಿಗಳು, ಎತ್ತರಕ್ಕಿಂತ ನೆಲದ ಹರವು ಮುಖ್ಯ. ಗಾಳಿಯ ಕಿಂಡಿಗೆ ನೊಣವೂ ನುಸುಳದ ಸಣ್ಣ ಜಾಲರಿ ಬೇಕು. ಸಾಮಾನ್ಯ ಸೊಳ್ಳೆಪರದೆಯ ಕಣ್ಣು ಇದಕ್ಕೆ ದೊಡ್ಡದಾಯಿತು. ಅದು ತಿಳಿದದ್ದು ಅಡುಗೆಮನೆಯ ಬಾಳೆಹಣ್ಣಿನ ಮೇಲೆ ಜಾತ್ರೆ ನೆರೆದ ಮೇಲೆ.

ತಳದಲ್ಲಿ ಸುಟ್ಟ ಜೇಡಿಮಣ್ಣಿನ ಗುಂಡುಗಳನ್ನು ನಾಲ್ಕೈದು ಸೆಂ.ಮೀ. ಹರಡಿ. ಮೇಲೆ ಜಾಲರಿ ಹಾಸಿ. ಸಿಂಪಡಿಸಿದ ನೀರೆಲ್ಲ ಇಳಿದು ನಿಲ್ಲುವುದು ಇಲ್ಲಿ. ಅದನ್ನು ಆಗಾಗ ಕೊಳವೆಯಿಂದ ಹೀರಿ ತೆಗೆಯಬೇಕು. ಜಾಲರಿಯ ಮೇಲೆ ಮಣ್ಣು: ತೆಂಗಿನ ನಾರಿನ ಪುಡಿ, ಮರದ ತೊಗಟೆಯ ಚೂರು, ಇದ್ದಿಲು, ಸ್ಫ್ಯಾಗ್ನಮ್ ಪಾಚಿ. ಬರಿಯ ನಾರಿನ ಪುಡಿ ಹಾಕಿದರೆ ಆರು ತಿಂಗಳಲ್ಲಿ ಕೆಸರು. ಹಿಂದಿನಿಂದ ಮುಂದಕ್ಕೆ ಇಳಿಜಾರಾಗಿ ಏರಿಸಿ. ಮೇಲು ಭಾಗ ಒಣಗಿದರೂ ಕೆಳಭಾಗದಲ್ಲಿ ತೇವ ಉಳಿಯುತ್ತದೆ. ಈ ಇಳಿಜಾರೇ ನಿಮ್ಮ ಹಳ್ಳದ ದಂಡೆ. ಕಪ್ಪೆ ತನಗೆ ಬೇಕಾದ ಹದವನ್ನು ತಾನೇ ಹುಡುಕಿಕೊಳ್ಳಲಿ.

ತಗ್ಗಿನ ತುದಿಯಲ್ಲಿ ಬೆರಳ ಗೆಣ್ಣಿನಷ್ಟೂ ಆಳವಿಲ್ಲದ ನೀರಿನ ತಟ್ಟೆ, ಅದರೊಳಗೆ ಹತ್ತಿ ಬರಲು ಕಲ್ಲು. ಸುತ್ತ ನಾಲ್ಕಾರು ಬಂಡೆ ಪೇರಿಸಿ ಸಂದಿಗಳನ್ನು ಬಿಡಿ. ಗಿಡಗಳಲ್ಲಿ ಮನಿಪ್ಲಾಂಟ್, ಸಣ್ಣ ಜರಿಗಿಡ, ಗೋಡೆಗೆ ಅಂಟುವ ಬಳ್ಳಿ ಅತ್ತಿ, ಅನಾನಸಿನ ಜಾತಿಯ ಒಂದೆರಡು ಪುಟ್ಟ ಬ್ರೊಮೆಲಿಯಾಡ್. ನರ್ಸರಿಯ ಗಿಡವನ್ನು ಮಣ್ಣು ತೊಳೆದು, ಎರಡು ವಾರ ಬೇರೆ ಇಟ್ಟು ಆಮೇಲೆ ನೆಡಿ. ಅದರ ಮೇಲಿನ ಕೀಟನಾಶಕ ನೊಣವನ್ನೂ ಕೊಲ್ಲುತ್ತದೆ, ನೊಣ ತಿಂದ ಕಪ್ಪೆಯನ್ನೂ ಬಿಡುವುದಿಲ್ಲ.

ಎಲ್ಲಕ್ಕಿಂತ ಮೇಲೆ ತರಗೆಲೆ, ಮೂರು ನಾಲ್ಕು ಸೆಂ.ಮೀ. ದಪ್ಪ. ಇಲ್ಲಿಯ ಹವ್ಯಾಸಿಗಳು ದುಡ್ಡು ಕೊಟ್ಟು ತರಿಸುವ ಎಲೆ ಯಾವುದು ಗೊತ್ತೇ? ನಮ್ಮೂರ ಶಾಲೆಗಳ ಅಂಗಳದಲ್ಲಿ ಗುಡಿಸಿ ಸುಡುವ ಕಾಡುಬಾದಾಮಿಯ ಎಲೆ. ಹತ್ತು ಎಲೆಯ ಕಟ್ಟಿನ ಬೆಲೆ ನೋಡಿದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕಪ್ಪೆಗಳ ಗುಡಿಸಲಿಗೆ ಅರ್ಧ ಕರಟವನ್ನು ಬೋರಲು ಹಾಕಿ, ಅಂಚಿನಲ್ಲಿ ಬಾಗಿಲು ಕೊರೆದು, ಮೊಟ್ಟೆಯಿಡಲೆಂದು ಒಳಗೊಂದು ಪೆಟ್ರಿ ತಟ್ಟೆ (ಪ್ರಯೋಗಾಲಯದ ಚಪ್ಪಟೆ ಬಿಲ್ಲೆಯಂಥ ತಟ್ಟೆ) ಇಡುತ್ತಾರೆ. ಅದೂ ಅಂಗಡಿಯಲ್ಲಿ ಸಿಗುತ್ತದೆ, ಊರಿಂದ ಬರುವಾಗ ಚೀಲದಲ್ಲಿ ತಂದದ್ದಕ್ಕಿಂತ ಅದೇನೂ ಮೇಲಲ್ಲ.

ಇಷ್ಟಾದ ಮೇಲೆ ಸ್ಪ್ರಿಂಗ್‌ಟೇಲ್ ಬಿಟ್ಟು ಒಂದು ತಿಂಗಳು ಸುಮ್ಮನೆ ಬಿಡಿ. ಗಿಡ ಬೇರು ಹಿಡಿಯಬೇಕು, ಮೊದಲ ಬೂಷ್ಟು ಬಂದು ಹೋಗಬೇಕು.

ಮೂರನೆಯ ಹೆಜ್ಜೆ: ಮಳೆ, ಬಿಸಿ, ಬೆಳಕು

ಹಗಲು 23ರಿಂದ 26 ಡಿಗ್ರಿ, ರಾತ್ರಿ 19–20ಕ್ಕೆ ಇಳಿದರೆ ಒಳ್ಳೆಯದೇ. ತಂಪನ್ನು ತಡೆಯುತ್ತವೆ, ಸೆಕೆಯನ್ನು ತಡೆಯುವುದಿಲ್ಲ. 29 ದಾಟಿದರೆ ಅಪಾಯ. ಬೇಸಿಗೆಯಲ್ಲಿ ನಾನು ದೀಪದ ಹೊತ್ತನ್ನೇ ರಾತ್ರಿಗೆ ತಿರುಗಿಸುತ್ತೇನೆ, ಹೊರಗೆ ಸೆಕೆಯಿರುವಾಗ ಟೆರೇರಿಯಂನಲ್ಲಿ ಕತ್ತಲು. ಎಲ್‌ಇಡಿ ದೀಪ 12 ಗಂಟೆ ಸಾಕು.

ನೀರು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಸಿಂಪಡಿಸಿ. ಸಿಂಪಡಿಸಿದಾಗ ತೇವಾಂಶ ಶೇಕಡಾ 90ರ ಮೇಲೆ ಹೋಗಿ, ನಡುಹಗಲಿಗೆ 70ರ ಹತ್ತಿರ ಇಳಿಯಬೇಕು. ಎಲೆಯ ಮೇಲ್ಮೈ ಒಣಗಬೇಕು, ಎಲೆಯ ಕೆಳಗೆ ತೇವ ಉಳಿಯಬೇಕು. ಮುಚ್ಚಳ ಪೂರ್ತಿ ಬಿಗಿದು ಇಪ್ಪತ್ತನಾಲ್ಕು ಗಂಟೆ ಹಬೆ ತುಂಬಿಸಿಡುವುದು ಮಳೆಕಾಡಿನ ಕಪ್ಪೆಯ ಪುಸ್ತಕ ಓದಿ ಮಾಡುವ ತಪ್ಪು. ಒಣಗಿಸಿಟ್ಟ ನನ್ನ ತಪ್ಪಿಗೆ ಅದು ಅಣ್ಣ. ಸಿಂಪಡಿಸಲು ಆರ್‌ಒ ನೀರು ಬಳಸಿ, ಇಲ್ಲವಾದರೆ ಗಾಜಿನ ಮೇಲೆ ಸುಣ್ಣದ ಕಲೆ ಕೂರುತ್ತದೆ. ಕೊಳವೆಬಾವಿ ನೀರಿನಲ್ಲಿ ಸೋಲಾರ್ ಹೀಟರ್ ಹಾಳು ಮಾಡಿಕೊಂಡ ಬೆಂಗಳೂರಿನವರಿಗೆ ಇದನ್ನು ವಿವರಿಸಬೇಕಿಲ್ಲ.

ನಾಲ್ಕನೆಯ ಹೆಜ್ಜೆ: ಬರಮಾಡಿಕೊಳ್ಳುವುದು

ಸಾಕುಮನೆಯಲ್ಲೇ ಹುಟ್ಟಿದ ಕಪ್ಪೆಗಳನ್ನೇ ಕೊಳ್ಳಿ, ನಾಲ್ಕರಿಂದ ಆರು. ತಂದ ದಿನವೇ ಟೆರೇರಿಯಂಗೆ ಬಿಡುವ ಆಸೆಯನ್ನು ತಡೆದುಕೊಳ್ಳಿ. ಒದ್ದೆ ಕಾಗದ ಹಾಸಿದ ಡಬ್ಬಿಯಲ್ಲಿ, ಬಚ್ಚಿಟ್ಟುಕೊಳ್ಳಲು ನಾಲ್ಕು ಎಲೆ ಹಾಕಿ, ಆರರಿಂದ ಎಂಟು ವಾರ ಬೇರೆ ಇಡಿ. ಹಿಕ್ಕೆಯನ್ನು ಉಭಯಜೀವಿ ತಿಳಿದ ಪಶುವೈದ್ಯರಲ್ಲಿ ಪರೀಕ್ಷೆ ಮಾಡಿಸಿ, ಕೈಟ್ರಿಡ್ ಶಿಲೀಂಧ್ರದ ಪರೀಕ್ಷೆಯನ್ನೂ ಮಾಡಿಸಿ. ಲೋಕದ ಕಪ್ಪೆಗಳನ್ನು ಅಳಿಸುತ್ತಿರುವ ರೋಗ ಅದು. ಇದೇ ಕಾರಣಕ್ಕೆ ಟೆರೇರಿಯಂನ ಕೊಳಕು ನೀರನ್ನು ಹೊರಗಿನ ಚರಂಡಿಗೆ ಚೆಲ್ಲಬೇಡಿ, ಸಾಕಿದ ಕಪ್ಪೆಯನ್ನು ಯಾವ ಕಾರಣಕ್ಕೂ ಹೊರಗೆ ಬಿಡಬೇಡಿ.

ಸ್ಥಳ ಬದಲಿಸುವ ದಿನ ಬಾಗಿಲು, ಕಿಟಕಿ ಎರಡನ್ನೂ ಹಾಕಿ. ಕಪ್ಪೆಗಳನ್ನು ತಕ್ಕಡಿಗೆ ಹಾಕುವುದು ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಆರನ್ನು ಎಣಿಸಿ ಬಿಡುವುದರೊಳಗೆ ನನ್ನದೊಂದು ಪುಸ್ತಕದ ಕಪಾಟಿನ ಹಿಂದೆ ಸೇರಿತ್ತು. ಕೈಯಿಂದ ಹಿಡಿಯದೆ, ಪಾರದರ್ಶಕ ಲೋಟ ಬೋರಲು ಹಾಕಿ ಹಿಡಿಯಿರಿ.

ಐದನೆಯ ಹೆಜ್ಜೆ: ದಿನದ ಊಟ

ದೊಡ್ಡ ಕಪ್ಪೆಯೊಂದಕ್ಕೆ ದಿನಕ್ಕೆ 15–20 ನೊಣ, ವಾರಕ್ಕೊಂದು ದಿನ ಉಪವಾಸ. ಪ್ರತಿಸಲವೂ ನೊಣಗಳನ್ನು ಲೋಟದಲ್ಲಿ ಹಾಕಿ, ಚಿಟಿಕೆ ಪುಡಿಯೊಂದಿಗೆ ಕಡಲೆಕಾಯಿಗೆ ಉಪ್ಪು ಹತ್ತಿಸುವ ಹಾಗೆ ಕುಲುಕಿ. ಪುಡಿಯಲ್ಲಿ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ3 ಇರಲಿ. ತಿಂಗಳಿಗೆ ಎರಡು ಸಲ ರೆಟಿನಾಲ್ ರೂಪದ ವಿಟಮಿನ್ ಎ ಇರುವ ಪುಡಿ. ಡಬ್ಬಿ ತೆರೆದ ಆರು ತಿಂಗಳಿಗೆ ಪುಡಿಯ ಸತ್ವ ಹೋಗುತ್ತದೆ. ಇನ್ನೂ ಮುಕ್ಕಾಲು ಉಳಿದಿದೆ ಎಂದು ಇಟ್ಟುಕೊಳ್ಳಬೇಡಿ. ಈ ಜಿಪುಣತನದ ಫಲ ಕಾಣಿಸುವುದು ಮರಿಗಳಲ್ಲಿ, ಅದನ್ನು ಮುಂದೆ ಹೇಳುತ್ತೇನೆ.

ಆರನೆಯ ಹೆಜ್ಜೆ: ಹಾಡು, ಮೊಟ್ಟೆ, ಹೊರೆ

ಒಂದು ಬೆಳಿಗ್ಗೆ ಕೋಣೆಯಲ್ಲಿ ಕ್ಯಾನರಿ ಹಕ್ಕಿ ಸಿಳ್ಳೆ ಹಾಕಿದಂತೆ ಕೇಳಿಸಿದರೆ ಗಂಡು ಪ್ರಾಯಕ್ಕೆ ಬಂದಿದೆ ಎಂದು ತಿಳಿಯಿರಿ. ಉಗುರಿನಷ್ಟು ಜೀವ, ಪಕ್ಕದ ಕೋಣೆಗೂ ಕೇಳುವ ಉದ್ದದ ಕಂಪಿತ ಸ್ವರ. ಎರಡು ಗಂಡುಗಳಿದ್ದರೆ ಎದೆಗೆ ಎದೆ ಕೊಟ್ಟು ಕುಸ್ತಿ ಹಿಡಿಯುತ್ತವೆ. ಸಾಮಾನ್ಯವಾಗಿ ಗಾಯವಾಗುವುದಿಲ್ಲ, ಆದರೆ ಸೋತದ್ದು ಮೂಲೆ ಸೇರಿ ಊಟ ಬಿಟ್ಟರೆ ಬೇರೆ ಮಾಡಿ.

ಸಿಂಪಡಿಸುವುದನ್ನು ಹೆಚ್ಚಿಸಿದರೆ ಮಳೆಗಾಲ ಬಂತೆಂದು ತಿಳಿದು ಕರಟದೊಳಗೆ 15ರಿಂದ 40 ಮೊಟ್ಟೆ ಇಡುತ್ತವೆ. ನೋಡಲು ಬೆಂದ ಸಬ್ಬಕ್ಕಿಯ ನಡುವೆ ಸಾಸಿವೆ ಇಟ್ಟ ಹಾಗೆ. ಆಮೇಲಿನ ಚಾಕರಿಯೆಲ್ಲ ಗಂಡಿನದು. ಕಾವಲು ಕೂರುವುದು, ತೇವ ಆರದಂತೆ ನೋಡುವುದು, ಸುಮಾರು ಎರಡು ವಾರಕ್ಕೆ ಮೊಟ್ಟೆ ಒಡೆದಾಗ ಗೊದಮೊಟ್ಟೆಗಳನ್ನೆಲ್ಲ ಬೆನ್ನಿಗೆ ಹತ್ತಿಸಿಕೊಂಡು ನೀರಿಗೆ ಒಯ್ಯುವುದು. ಹೊರೆ ಹೊತ್ತ ಗಂಡನ್ನು ಮೊದಲ ಸಲ ನೋಡಿದಾಗ ಬೆನ್ನಿಗೆ ಏನೋ ರೋಗ ಬಂದಿದೆ ಎಂದು ಹೆದರಿದ್ದೆ. ಆಗ ಟೆರೇರಿಯಂ ತೆರೆಯಬೇಡಿ. ನೀರಿನ ತಟ್ಟೆ ತುಂಬಿದೆಯೇ ಎಂದಷ್ಟೇ ನೋಡಿ ದೂರ ಸರಿಯಿರಿ.

ಈ ಕಪ್ಪೆ ಸಲೀಸಾಗಿ ಮೊಟ್ಟೆಯಿಡುತ್ತದೆ, ಕಷ್ಟವಿರುವುದು ನಿಲ್ಲಿಸುವುದರಲ್ಲಿ. ಎರಡು ಮೂರು ವಾರಕ್ಕೊಂದು ಸಲ ಇಡುತ್ತಾ ಹೋದರೆ ಹೆಣ್ಣು ಬಡಕಲಾಗುತ್ತದೆ. ವರ್ಷದಲ್ಲಿ ಮೂರು ತಿಂಗಳು ಕರಟ ತೆಗೆದು, ಸಿಂಪಡಿಸುವುದನ್ನು ದಿನಕ್ಕೊಮ್ಮೆಗೆ ಇಳಿಸಿ, ಊಟ ಸ್ವಲ್ಪ ಕಡಿಮೆ ಮಾಡಿ. ಅವುಗಳ ಊರಿನ ಒಣಗಾಲವನ್ನು ನೆನಪಿಸಿಕೊಳ್ಳಬೇಕಾದದ್ದು ಇಲ್ಲಿ. ಆಗಲೂ ನೀರಿನ ತಟ್ಟೆ ಮಾತ್ರ ಬತ್ತಬಾರದು.

ಏಳನೆಯ ಹೆಜ್ಜೆ: ಗೊದಮೊಟ್ಟೆಯಿಂದ ಮರಿಗೆ

ಗೊದಮೊಟ್ಟೆಗಳನ್ನು ಐದಾರು ಲೀಟರಿನ ಡಬ್ಬಿಗೆ ವರ್ಗಾಯಿಸಿ. ಒಟ್ಟಿಗೆ ಬೆಳೆಯುತ್ತವೆ, ಒಂದನ್ನೊಂದು ತಿನ್ನುವ ಚಾಳಿ ಇವಕ್ಕಿಲ್ಲವೆನ್ನಬಹುದು. ಕ್ಲೋರಿನ್ ಇಲ್ಲದ ನೀರು, 22–24 ಡಿಗ್ರಿ, ಒಳಗೊಂದು ಕಾಡುಬಾದಾಮಿ ಎಲೆ. ನೀರು ಚಹಾದ ಬಣ್ಣಕ್ಕೆ ತಿರುಗಿದರೆ ಒಳ್ಳೆಯದು. ಊಟಕ್ಕೆ ಸ್ಪಿರುಲಿನಾ ಪುಡಿ, ಮೀನಿನ ಆಹಾರದ ಚೂರು, ಎರಡು ದಿನಕ್ಕೊಮ್ಮೆ, ಒಂದು ಗಂಟೆಯಲ್ಲಿ ಮುಗಿಯುವಷ್ಟೇ. ವಾರಕ್ಕೊಮ್ಮೆ ಅರ್ಧ ನೀರು ಬದಲಿಸಿ.

ಎಂಟರಿಂದ ಹತ್ತು ವಾರಕ್ಕೆ ಮುಂಗಾಲು ಮೂಡುತ್ತದೆ. ಎಚ್ಚರ ಬೇಕಾದ ದಿನ ಇದು. ಆವತ್ತಿನಿಂದ ಅದು ಗಾಳಿ ಉಸಿರಾಡುವ ಜೀವಿ. ಹತ್ತಿ ಬರಲು ದಾರಿ ಇಲ್ಲದಿದ್ದರೆ ಮುಳುಗಿ ಸಾಯುತ್ತದೆ. ಡಬ್ಬಿಯನ್ನು ಓರೆಯಾಗಿಸಿ, ನೀರು ಒಂದು ಬದಿಗೆ, ಒದ್ದೆ ಪಾಚಿ ಇನ್ನೊಂದು ಬದಿಗೆ ಮಾಡಿ. ಮೇಲೆ ಮುಚ್ಚಳ ಮರೆಯಬೇಡಿ, ಬಾಲವಿದ್ದಂತೆಯೇ ಗಾಜು ಹತ್ತುತ್ತವೆ. ಬಾಲ ಕರಗುವವರೆಗೆ ಅದೇ ಅವುಗಳ ಊಟ, ಬೇರೇನೂ ಹಾಕಬೇಡಿ.

ಕೆಲವು ಮರಿಗಳಿಗೆ ಮುಂಗಾಲು ಬರುವುದೇ ಇಲ್ಲ, ಅಥವಾ ದಾರದೆಳೆಯಂತೆ ಬರುತ್ತದೆ. ಕಡ್ಡಿಗಾಲು ಎಂದು ನಾವು ಕರೆಯುವ ಈ ದೋಷಕ್ಕೆ ಕಾರಣ ಒಂದೇ ಅಲ್ಲ. ಆದರೆ ತಾಯಿತಂದೆಯ ಪೋಷಣೆಯ ಕೊರತೆ, ಅದರಲ್ಲೂ ವಿಟಮಿನ್ ಎ ಕೊರತೆಯತ್ತ ಮೊದಲು ನೋಡಬೇಕು. ನನ್ನ ಮೊದಲ ಎರಡು ಸಂಸಾರಗಳಲ್ಲಿ ಅರ್ಧಕ್ಕರ್ಧ ಹೀಗೇ ಹೋದವು. ಹಳೆಯ ಡಬ್ಬಿ ಎಸೆದು ಹೊಸ ಪುಡಿ ತಂದ ಮೇಲೆ ಮೂರನೆಯದರಲ್ಲಿ ಒಂದೇ ಒಂದು. ಇಂಥವು ಬದುಕುವುದಿಲ್ಲ, ಅವುಗಳ ಬಗ್ಗೆ ವೈದ್ಯರ ಮಾತು ಕೇಳಿ.

ಹೊರಬಂದ ಮರಿ ಒಂದು ಸೆಂಟಿಮೀಟರ್ ಆಸುಪಾಸು. ಹಣ್ಣುನೊಣ ಅದಕ್ಕೆ ಕೋಳಿ ಇದ್ದಂತೆ. ಮೊದಲ ಕೆಲವು ವಾರ ಸ್ಪ್ರಿಂಗ್‌ಟೇಲ್, ದಿನಕ್ಕೆ ಎರಡು ಸಲ, ಒದ್ದೆ ಎಲೆಗಳಿರುವ ಸಣ್ಣ ಡಬ್ಬಿಯಲ್ಲಿ. ಹೊಟ್ಟೆ ಗುಂಡಗಿದೆಯೇ ಎಂದು ದಿನವೂ ನೋಡಿ. ದೊಡ್ಡ ಟೆರೇರಿಯಂಗೆ ಬಿಟ್ಟರೆ ಊಟ ಹುಡುಕಲಾರದೆ ಸೊರಗುತ್ತವೆ. ನಾಲ್ಕೈದು ತಿಂಗಳಾಗಲಿ.

ಒಂದು ಊರಿನ ತಳಿಯನ್ನು ಇನ್ನೊಂದರ ಜೊತೆ ಬೆರೆಸಬೇಡಿ. ಸಾಂತಾ ಇಸಾಬೆಲ್‌ನದು ಸಾಂತಾ ಇಸಾಬೆಲ್‌ನದಾಗಿಯೇ ಉಳಿಯಲಿ; ಟ್ರೈಕಲರ್ ಜೊತೆಗಂತೂ ಬೇಡವೇ ಬೇಡ. ಡಬ್ಬಿಯ ಮೇಲೆ ತಳಿ, ಹುಟ್ಟಿದ ದಿನ, ತಂದೆತಾಯಿಯ ಗುರುತು ಬರೆದು, ಕೊಡುವಾಗ ಅದರ ಪ್ರತಿಯನ್ನೂ ಕೊಡಿ. ಅಲ್ಲಿಯ ಹಳ್ಳಗಳಿಗೆ ಕೀಟನಾಶಕ, ಸರುಮಾ ಸೀಮೆಯ ಚಿನ್ನದ ಗಣಿಗಳ ಹೊಲಸು ಇಳಿಯುತ್ತಿರುವಾಗ ಬೆರಕೆಯಾಗದ ತಳಿಗೆ ಬೆಲೆಯಿದೆ.

ಊರಿಗೆ ಹೋಗುವಾಗ

ಯಾರೂ ಬರೆಯದ ಹೆಜ್ಜೆ ಇದು. ಚೆನ್ನಾಗಿ ಸಾಕಿದರೆ ಈ ಕಪ್ಪೆ ಐದಾರು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬಾಳುತ್ತದೆ. ಅಷ್ಟರಲ್ಲಿ ನೀವು ಕನಿಷ್ಠ ನಾಲ್ಕು ಸಲ ಒಂದು ತಿಂಗಳ ರಜೆ ಹಾಕಿ ಊರಿಗೆ ಹೋಗುತ್ತೀರಿ. ಸಿಂಪಡಿಸಲು ಗಡಿಯಾರ ಕಟ್ಟಿದ ಪಂಪು ಇಡಬಹುದು, ದೀಪಕ್ಕೂ ಹಾಗೆಯೇ. ನೊಣ ಹಾಕಲು ಮಾತ್ರ ಮನುಷ್ಯರೇ ಬೇಕು. ಹೊರಡುವ ಮೂರು ವಾರ ಮೊದಲಿನಿಂದ ವಾರಕ್ಕೆ ಎರಡು ಲೋಟದಂತೆ ಕಟ್ಟಿ, ಯಾವ ದಿನ ಯಾವ ಲೋಟ ತೆರೆಯಬೇಕೆಂದು ಅಂಟುಚೀಟಿ ಹಚ್ಚಿ. ಒಪ್ಪಿಕೊಂಡ ನೆರೆಯವರನ್ನು ಎರಡು ಸಲ ಎದುರಿಗೇ ನಿಲ್ಲಿಸಿ ಅವರ ಕೈಯಿಂದಲೇ ಹಾಕಿಸಿ. ನಮ್ಮ ಮಹಡಿಯ ಅಜ್ಜಿ ಮೊದಲ ವರ್ಷ ಕಪ್ಪೆಗೆ ಹೆದರಲಿಲ್ಲ, ನೊಣಕ್ಕೆ ಹೇಸಿದರು. ಈಗ ನಾನು ಮರಳಿ ಬಂದ ದಿನವೇ ಬಾಗಿಲು ತಟ್ಟಿ, ಯಾವ ಕರಟದಲ್ಲಿ ಎಷ್ಟು ಮೊಟ್ಟೆ ಇದೆ ಎಂದು ಲೆಕ್ಕ ಒಪ್ಪಿಸುತ್ತಾರೆ. ಅವರಿಗೆಂದು ಪ್ರತಿಸಲ ಒಂದು ಡಬ್ಬಿ ಮೈಸೂರುಪಾಕು ತರುತ್ತೇನೆ.